ಬಲಹೀನ ತಮ್ಮನ ಕಾನೂನು

"ನಮ್ಮದು ಧರ್ಮ ಅಲ್ಲ ಬ್ರದರ್, ಸಂಬಂಧ." ಸಿಂಧನೂರಿನ ಸುತ್ತಲ ಕ್ಯಾಂಪುಗಳಲ್ಲಿ ಭಾನುವಾರ ಬೆಳಿಗ್ಗೆ ಈ ಮಾತು ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಮೈಕಿನಿಂದ ಕೇಳಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಆಂಧ್ರದ ಕಡೆಯಿಂದ ಬಂದು ಭತ್ತ ಹಚ್ಚಿದವರ ಜತೆಗೆ ತೆಲುಗಿನ ಕ್ರೈಸ್ತ ಹಾಡು, ತೆಲುಗಿನ ಬೋಧನೆಗಳೂ ಇಲ್ಲಿಗೆ ಬಂದವು. ನಿಯಮ ಹಿಡಿದು ಕೂತವರು ಫರಿಸಾಯರು, ನಾವು ದೇವರಿಗೆ ವಿಧೇಯರಾಗಿ ಬಾಳುವವರು ಎಂಬುದು ಆ ಬೋಧನೆಯ ತಿರುಳು. ಕೇಳಲು ಹಿತವಾಗಿಯೇ ಇದೆ. ನಾವು ತಲೆದೂಗಿ ಮುಗಿಸುವುದರೊಳಗೆ ಪಟ್ಟಿ ಶುರುವಾಗುತ್ತದೆ. ಹೆಣ್ಣುಮಕ್ಕಳು ಹೂ ಮುಡಿಯಬಾರದು, ಬಳೆ ಬಿಚ್ಚಬೇಕು, ಕುಂಕುಮ ಕೂಡದು, ಸಿನಿಮಾ ಕೂಡದು, ಜಾತ್ರೆಯ ಕಡೆ ತಲೆ ಹಾಕಬಾರದು, ಎಡೆ ಹಿಡಿದ ಊಟವನ್ನಂತೂ ಮುಟ್ಟಲೇಬಾರದು. ಇದು ನಿಯಮವಲ್ಲವೇ ಎಂದು ಒಮ್ಮೆ ಕೇಳಿದೆ. "ಅಲ್ಲ ಬ್ರದರ್, ಇದು ವಿಧೇಯತೆ" ಎಂದರು.

ಹಾಗಾದರೆ ವಿಧೇಯತೆಗೂ ನಿಯಮನಿಷ್ಠೆಗೂ ನಡುವಿನ ಗೆರೆಯನ್ನು ನಾನೇ ಎಳೆದು ತೋರಿಸುತ್ತೇನೆ ಎಂಬ ಹಟದಲ್ಲಿ ಇದನ್ನು ಬರೆಯಲು ಕೂತಿದ್ದೇನೆ. ಕೈಯಲ್ಲಿರುವ ಮೊದಲ ಗೆರೆ ಇದು: ನಿಯಮಕ್ಕೆ ಮುಕ್ತಾಯವುಂಟು. ಹತ್ತರಲ್ಲೊಂದು ಪಾಲು ಕೊಟ್ಟಾಯಿತು, ಉಪವಾಸ ಪ್ರಾರ್ಥನೆಗೆ ಕೂತದ್ದಾಯಿತು, ಈ ವಾರದ ಲೆಕ್ಕ ಚುಕ್ತಾ. ವಿಧೇಯತೆಗೆ ಆ ನೆಮ್ಮದಿಯಿಲ್ಲ. ಯೇಸು ಹೇಳಿದ ಕಥೆಯಲ್ಲಿ, ಯೆರಿಕೋ ದಾರಿಯಲ್ಲಿ ಬಿದ್ದವನನ್ನು ಬಳಸಿಕೊಂಡು ಹೋದ ಯಾಜಕನೂ ಲೇವಿಯನೂ ಯಾವ ನಿಯಮವನ್ನು ಮುರಿದರೋ ಗೊತ್ತಿಲ್ಲ. ಎದುರಿಗಿದ್ದ ಮನುಷ್ಯನನ್ನು ಮಾತ್ರ ಮುರಿದುಬಿಟ್ಟರು.

ಇಷ್ಟು ಹೇಳಿದ ಕೂಡಲೇ ನಮ್ಮ ಭಾಗದಲ್ಲಿ ಬಸವಣ್ಣನಿಂದ ಶುರುಮಾಡಿ ಸ್ಥಾವರ ಜಂಗಮಗಳ ಮೇಲೆ ಅರ್ಧ ಗಂಟೆ ಮಾತಾಡುವುದು ರೂಢಿ. ಎಲ್ಲ ವೇದಿಕೆಗಳಲ್ಲೂ ಆಗಿಹೋಗಿರುವ ಆ ಭಾಷಣ ಇಲ್ಲಿ ಬೇಡ. ಕೃಪೆಯೊಂದೇ ಸಾಕೆಂದ ಲೂಥರನನ್ನೂ ದೂರದಿಂದ ನಮಸ್ಕರಿಸಿ ದಾಟುತ್ತೇನೆ. ಅವನ ಜಗಳ ರೋಮಿನ ಪೋಪರ ಜತೆ, ನನ್ನದು ಊಟದ ತಾಟಿನ ಜತೆ. ಹೂ, ಬಳೆಯ ವಿಷಯಕ್ಕೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲೇ ಉತ್ತರ. ಆದಿಲ್‌ಶಾಹಿ ಕಾಲಕ್ಕೇ, 16ನೇ ಶತಮಾನದಲ್ಲಿ ಅಲ್ಲಿ ನೆಲೆಯೂರಿದ ಕ್ಯಾಥೊಲಿಕ್ ಸಭೆ ಹೂವಿನಿಂದಲೋ ಬಳೆಯಿಂದಲೋ ಹಾಳಾಗಿಲ್ಲ. ಊಟದ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ, ಯಾಕೆಂದರೆ ಅಲ್ಲಿ ಪೌಲ ಅಡ್ಡ ನಿಂತಿದ್ದಾನೆ.

ನಮ್ಮ ಮನೆಯ ಸಂಗತಿ ಹೇಳದೆ ಅವನ ಜತೆ ಜಗಳ ತೆಗೆಯಲಾಗದು. ಅಪ್ಪನ ಅಕ್ಕ, ನನ್ನ ಅತ್ತಿ, ಮಸ್ಕಿ ಹತ್ತಿರದ ಹಳ್ಳಿಯವಳು. ಕೊಟ್ಟ ಮನೆ ದುರ್ಗವ್ವನದು, ಅವಳು ದುರ್ಗವ್ವನಲ್ಲೇ ಉಳಿದಳು. ಜಾತ್ರೆಗೆ ಬ್ಯಾಟಿ ಕಡಿದರೆ ತಮ್ಮನ ಮಕ್ಕಳಿಗೆಂದು ಪಾಲು ಎತ್ತಿಡುತ್ತಾಳೆ. ಮೊದಲು ಯಾರೂ ಏನೂ ಅನ್ನುತ್ತಿರಲಿಲ್ಲ, ತಿಂದು ಬರುತ್ತಿದ್ದೆವು. ನಮ್ಮಲ್ಲೊಬ್ಬ ಕ್ಯಾಂಪಿನ ಸಭೆಯಲ್ಲಿ ಹೊಸದಾಗಿ ದೀಕ್ಷಾಸ್ನಾನ ತೆಗೆದುಕೊಂಡ ವರ್ಷ ತಾಟು ಸರಿಸಿ ಎದ್ದ. ಅತ್ತಿ ಅವನನ್ನು ಬೈಯಲಿಲ್ಲ. "ನನ್ನ ಕೈಯಾಗಿನ ಅನ್ನ ದೆವ್ವದ್ದಾತೇನಪಾ?" ಎಂದಷ್ಟೇ ಕೇಳಿದಳು.

ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟನೆಯ ಅಧ್ಯಾಯದಲ್ಲಿ ಪೌಲ ಇದೇ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ವಿಗ್ರಹಕ್ಕೆ ಜೀವವಿಲ್ಲ ಎಂದು ಬಲ್ಲವನಿಗೆ ಅದರ ಮುಂದಿಟ್ಟ ಮಾಂಸವೂ ಬರೀ ಮಾಂಸ. ತಿಂದರೆ ಪುಣ್ಯವಿಲ್ಲ, ಬಿಟ್ಟರೆ ನಷ್ಟವಿಲ್ಲ. ಇಲ್ಲಿಯವರೆಗೆ ಪೌಲ ನನ್ನವನು. ಆದರೆ ಇನ್ನೂ ಅಂಜಿಕೆ ಬಿಡದ ಬಲಹೀನ ತಮ್ಮನೊಬ್ಬ ಸಭೆಯಲ್ಲಿದ್ದಾನೆ, ನೀನು ತಿನ್ನುವುದನ್ನು ನೋಡಿ ಅವನ ಮನಸ್ಸಾಕ್ಷಿ ಕೆಡಬಹುದು. ಅವನಿಗೋಸ್ಕರ ನಾನಾದರೆ ಮಾಂಸವನ್ನೇ ಬಿಟ್ಟೇನು ಎನ್ನುತ್ತಾನೆ. ಓದಿದವರೆಲ್ಲ ಇದನ್ನು ಪ್ರೀತಿಯ ಪರಮಾವಧಿ ಎಂದು ಹೊಗಳುತ್ತಾರೆ. ನನಗೆ ಇದು ಮುಂಬಾಗಿಲಿಂದ ಓಡಿಸಿದ ಕಾನೂನನ್ನು ಹಿತ್ತಲ ಬಾಗಿಲಿಂದ ಒಳಗೆ ಕರೆದಂತೆ ಕಾಣುತ್ತದೆ.

ಯಾಕೆಂದರೆ, ಎಲ್ಲರಿಗಿಂತ ಹೆಚ್ಚು ಅಂಜುವವನ ಅಂಜಿಕೆಯೇ ಎಲ್ಲರ ಮಿತಿಯಾದರೆ, ಸಭೆಯನ್ನು ಆಳುವವನು ಆ ಬಲಹೀನನೇ. ಅವನು ಬೆಳೆಯುವ ಕಾರಣವೂ ಉಳಿಯುವುದಿಲ್ಲ, ಬಲಹೀನತೆಗೇ ಅಧಿಕಾರ ಸಿಕ್ಕಿರುವಾಗ. ಕೊರಿಂಥದಲ್ಲಿ ಅವನು ಮೂಲೆಯಲ್ಲಿ ಕೂತಿದ್ದನೇನೋ. ನಮ್ಮ ಕ್ಯಾಂಪುಗಳಲ್ಲಿ ಮೈಕು ಅವನ ಕೈಯಲ್ಲಿದೆ.

ಹತ್ತನೆಯ ಅಧ್ಯಾಯದಲ್ಲಿ ಪೌಲ ಸ್ವಲ್ಪ ಸಡಿಲಿಸುತ್ತಾನೆ. ನಂಬದವನೊಬ್ಬ ಊಟಕ್ಕೆ ಕರೆದರೆ ಹೋಗು, ಬಡಿಸಿದ್ದನ್ನು ವಿಚಾರಿಸದೆ ತಿನ್ನು. ಇದು ನೈವೇದ್ಯದ್ದು ಎಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ, ಹೇಳಿದವನ ಮನಸ್ಸಾಕ್ಷಿಗಾಗಿ ತಿನ್ನಬೇಡ. ಜಾಣ ಮಾತು, ಆದರೆ ಬಂದರು ಪಟ್ಟಣದ ಜಾಣತನ. ಅಲ್ಲಿ ಮಾಂಸ ಅಂಗಡಿಯಲ್ಲಿ ಸಿಗುತ್ತದೆ, ಎಲ್ಲಿಂದ ಬಂತೆಂದು ಕೇಳದೆ ಇರಬಹುದು. ಅತ್ತಿಯ ಹಳ್ಳಿಯಲ್ಲಿ ಆ ಕುರಿ ಯಾರ ಹಟ್ಟಿಯದು, ಯಾರ ಹರಕೆಯದು ಎಂಬುದು ಕೂಸಿಗೂ ಗೊತ್ತು. ಯಾರೂ ಹೇಳಬೇಕಾಗಿಲ್ಲ, ಯಾರೂ ಕೇಳದೆ ಇರಲಾರರು. ಪೌಲ ಬಿಟ್ಟುಕೊಟ್ಟ ಕಿಂಡಿ ನಮ್ಮಲ್ಲಿ ಮುಚ್ಚಿಯೇ ಇದೆ. ಇನ್ನು ಅತ್ತಿಯ ಮನಸ್ಸಾಕ್ಷಿ? ಪೌಲನ ಲೆಕ್ಕದಲ್ಲಿ ಕರೆದವನು ಬರುತ್ತಾನೆ, ತಾಟು ಸರಿಸಿದಾಗ ಅವನಿಗಾಗುವ ನೋವು ಬರುವುದಿಲ್ಲ.

ಪೌಲನನ್ನು ಪೌಲನಿಂದಲೇ ಸೋಲಿಸಬಹುದು ಎಂದು ನಾನು ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದ್ದುಂಟು. ಗಲಾತ್ಯದವರ ಪತ್ರದಲ್ಲಿ ಅವನೇ ಅಂತಿಯೋಕ್ಯದ ಜಗಳವನ್ನು ಬರೆದಿದ್ದಾನೆ. ಪೇತ್ರ ಅನ್ಯಜನರ ಜತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯಾಕೋಬನ ಕಡೆಯ ಮಡಿವಂತರು ಬಂದ ಕೂಡಲೇ ಅಂಜಿ ಹಿಂದೆ ಸರಿದ. ಆಗ ಪೌಲ ಆ ಬಂದವರ ಬಲಹೀನ ಮನಸ್ಸಾಕ್ಷಿಗೆ ಮರುಗಿದನೇ? ಎಲ್ಲರೆದುರು ಪೇತ್ರನ ಮುಖಕ್ಕೇ ಬೈದ. ಪಂಕ್ತಿ ಬಿಟ್ಟೇಳುವುದು ಸುವಾರ್ತೆಗೇ ದ್ರೋಹ ಎಂದ. ಹಾಗಾದರೆ ಅತ್ತಿಯ ಮನೆಯಲ್ಲಿ ತಾಟು ಸರಿಸಿದವನಿಗೆ ಯಾವ ಪೌಲ ಅನ್ವಯ?

ಈ ವಾದಕ್ಕೆ ಬಂದ ಉತ್ತರ ಗಟ್ಟಿಯಾದದ್ದು. ಲಿಂಗಸುಗೂರಿನಲ್ಲಿ ಪಾಠ ಹೇಳುವ ಹಿರಿಯರೊಬ್ಬರು, "ಅಂತಿಯೋಕ್ಯದೊಳಗ ಮಡಿವಂತರು ಮಂದಿ ಮ್ಯಾಲೆ ನಿಯಮ ಹೇರಿದ್ರು. ಕೊರಿಂಥದೊಳಗ ಪೌಲ ತನ್ನ ಮ್ಯಾಲೆ ತಾನ ಹಾಕ್ಕೊಂಡ. ಎರಡೂ ಒಂದ ಹ್ಯಾಂಗಾತು?" ಎಂದರು. ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಹುಡುಕುತ್ತಿದ್ದ ಗೆರೆ ಸಿಕ್ಕಿತೆಂದು ಹಿಗ್ಗಿದೆ. ಇನ್ನೊಬ್ಬನಿಗಾಗಿ ನನ್ನ ಮೇಲೆ ನಾನೇ ಹಾಕಿಕೊಂಡದ್ದು ವಿಧೇಯತೆ, ಇನ್ನೊಬ್ಬನ ಮೇಲೆ ಹೇರಿದ್ದು ನಿಯಮನಿಷ್ಠೆ. ಪ್ರಬಂಧ ಇಲ್ಲಿಗೆ ಮುಗಿಯಬಹುದಿತ್ತು.

ಮುಗಿಯದಂತೆ ಮಾಡುವವಳು ನನ್ನ ಅಜ್ಜಿ. ಅವಳ ಕಾಲಕ್ಕೆ ಇದು ನಿಜಾಮನ ಸೀಮೆ. ಮಾದಿಗರ ಓಣಿಯವರು ಜಾತ್ರೆಗೆ ಹಲಿಗಿ ಬಾರಿಸಬೇಕು, ಸತ್ತ ದನ ಎಳೆಯಬೇಕು, ಅದನ್ನೇ ತಿನ್ನಬೇಕು, ಮನೆಗೊಂದು ಹೆಣ್ಣುಕೂಸಿಗೆ ಮುತ್ತು ಕಟ್ಟು ಎಂದರೆ ಕಟ್ಟಬೇಕು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯಿದೆ ಬಂದದ್ದು 1982ರಲ್ಲಿ. ಅದಕ್ಕೆಷ್ಟೋ ಮೊದಲೇ ಮೆಥೊಡಿಸ್ಟ್ ಮಿಶನ್ನಿನವರು ಓಣಿಗೆ ಬಂದು ಹಾಕಿದ್ದು ನಿಯಮಗಳನ್ನೇ: ಸತ್ತ ದನ ತಿನ್ನಕೂಡದು, ದೇವಿಗೆ ಹಲಿಗಿ ಹೊಡೆಯಕೂಡದು, ಮುತ್ತು ಕಟ್ಟಕೂಡದು, ಎಡೆ ಮುಟ್ಟಕೂಡದು. ಇಂದಿನ ಪಟ್ಟಿಯ ಅಜ್ಜ ಅದು. ನಮ್ಮಜ್ಜಿಗೆ ಆ ಪಟ್ಟಿ ಸಂಕೋಲೆಯಾಗಿರಲಿಲ್ಲ. ಗೌಡರ ಮನೆಯಿಂದ ಕರೆ ಬಂದಾಗ "ನನಗ ಇಷ್ಟ ಇಲ್ಲ" ಎನ್ನುವ ಧೈರ್ಯ ಯಾರಿಗಿತ್ತು? "ನಮ್ಮ ಸಭೆಯಾಗ ನಡಿಯಂಗಿಲ್ರಿ" ಎನ್ನಬಹುದಿತ್ತು. ಒಬ್ಬೊಬ್ಬರೇ ತಮ್ಮ ತಮ್ಮ ಮನಸ್ಸಾಕ್ಷಿಯಂತೆ ಬೇಡವೆಂದಿದ್ದರೆ ಒಬ್ಬೊಬ್ಬರನ್ನೇ ಬಡಿದು ಬಗ್ಗಿಸುತ್ತಿದ್ದರು. ಇಡೀ ಓಣಿಯ ಮೇಲೆ ಹೇರಿದ ನಿಯಮವಾದ್ದರಿಂದಲೇ ಅದು ನಿಂತಿತು.

ಬರೆದಿಟ್ಟ ಮಾತಿಗೆ ಈ ಗುಣವಿದೆ, ಸಣ್ಣವರೂ ಅದರ ಕಡೆ ಬೆರಳು ತೋರಿಸಬಹುದು. ಮಸ್ಕಿಯ ಗುಡ್ಡದಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ 1915ರಲ್ಲಿ ಕಂಡ ಶಾಸನವನ್ನು ಅಶೋಕನ ಹೆಸರಿದೆ ಎಂಬ ಕಾರಣಕ್ಕೆ ಎಲ್ಲರೂ ನೆನೆಯುತ್ತಾರೆ. ಧರ್ಮದಲ್ಲಿ ನಿಂತು ಪಡೆಯುವುದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಎಂದು ಅದೇ ಕಲ್ಲು ಹೇಳುವುದನ್ನು ಶಾಲೆಯ ಪಾಠದಲ್ಲಿ ಹಾರಿಸಿಬಿಡುತ್ತೇವೆ. ವಿಧೇಯತೆಯನ್ನು ಹೃದಯದೊಳಗೇ ಇಟ್ಟುಕೊಳ್ಳುವ ಸವಲತ್ತು ಯಾರೂ ಹೊಡೆಯದವರಿಗೆ ಮಾತ್ರ ಇರುತ್ತದೆ. ಪಗಾರ ತರುವ ಮೊಮ್ಮಗನಾಗಿ ನಾನು ಅಂಥವನು, ನಮ್ಮಜ್ಜಿ ಅಂಥವಳಲ್ಲ. ಹಾಗಾಗಿ, ಹೇರಿದ್ದೆಲ್ಲ ನಿಯಮನಿಷ್ಠೆ ಎಂಬ ಗೆರೆಯನ್ನು ಅಳಿಸಬೇಕಾಗಿದೆ.

ಅದೇ ನಿಯಮ ಈಗ ಯಾಕೆ ಸಿಟ್ಟು ತರಿಸುತ್ತದೆ? ಆಗ ಅದು ಗೌಡರತ್ತ ಮುಖ ಮಾಡಿತ್ತು, ಈಗ ಅತ್ತಿಯತ್ತ ತಿರುಗಿದೆ. ಆಗ ಅದನ್ನು ಪಾಲಿಸಿದವರು ಬೆಲೆ ತೆತ್ತರು, ಈಗ ಪಾಲಿಸುವವನು ತಾಟು ಸರಿಸಿ ಎದ್ದುಹೋಗುತ್ತಾನೆ, ಬೆಲೆ ತೆರುವವಳು ಮುದುಕಿ. ಆದ್ದರಿಂದ ಮೂರನೆಯ ಗೆರೆ: ಯಾರ ಕಿಸೆಯಿಂದ ಹೋಗುತ್ತದೆ ನೋಡು. ಬಡವರಿಂದ ವಸೂಲಾಗುವುದು ನಿಯಮನಿಷ್ಠೆ.

ಈ ಗೆರೆಯನ್ನು ಹಿಡಿದು ಕ್ಯಾಂಪಿನ ಪಟ್ಟಿ ನೋಡಿದರೆ ಅದರಲ್ಲಿ ಇಲ್ಲದ ಒಂದು ಸಾಲು ಎದ್ದು ಕಾಣುತ್ತದೆ. ಬಳೆಯಿದೆ, ಹೂವಿದೆ, ಜಾತಿ ಪ್ರಮಾಣಪತ್ರ ಇಲ್ಲ. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪ್ಯಾರಾ ಪ್ರಕಾರ ಪರಿಶಿಷ್ಟ ಜಾತಿಯವನಾಗಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಿಲ್ಲ. ಮತಾಂತರಗೊಂಡ ದಲಿತರಿಗೆ ಕರ್ನಾಟಕ ಪ್ರವರ್ಗ-1ರಲ್ಲಿ ಜಾಗ ಕೊಟ್ಟಿದೆ, ಅದರ ಪಾಲು ಚಿಕ್ಕದು. ಹೀಗಾಗಿ ಭಾನುವಾರ ಸ್ತೋತ್ರ ಹೇಳುವ ಎಷ್ಟೋ ಮನೆಗಳು ಕಾಗದದ ಮೇಲೆ ಹಿಂದೂ ಮಾದಿಗ. ಎಲ್ಲರಿಗೂ ಗೊತ್ತು. ಎಡೆಯ ಊಟದಲ್ಲಿ ಅಸಾಧ್ಯವಾದ ಪೌಲನ 'ವಿಚಾರಿಸಬೇಡ' ಸೂತ್ರವನ್ನು ನಾಡಕಚೇರಿಯಲ್ಲಿ ಸಭೆಗೆ ಸಭೆಯೇ ಪಾಲಿಸುತ್ತಿದೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದಿತು. ಮುಂದಿನ ವರ್ಷ ರಾಜ್ಯದ ಸಮೀಕ್ಷೆಯಲ್ಲಿ ಜಾತಿಯ ಹೆಸರಿನ ಜತೆ ಕ್ರಿಶ್ಚಿಯನ್ ಎಂಬ ಪದ ಸೇರಿದ್ದಕ್ಕೇ ಗದ್ದಲವಾಯಿತು.

ಸುಲಭದ ನಿಯಮಗಳ ಪಟ್ಟಿ ಮಾಡಿ ಕಷ್ಟದ ವಿಧೇಯತೆಯನ್ನು ಬಿಟ್ಟಿದ್ದೀರಿ ಎಂದು ಬೋಧಕರಿಗೆ ಚುಚ್ಚಲು ನನಗೆ ಆಸೆ. ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ ಎಂದಿರಲಿ ಎಂದವನ ಶಿಷ್ಯರಲ್ಲವೇ ನಾವು? ಆದರೆ ನನ್ನದೇ ಮೂರನೆಯ ಗೆರೆ ನನ್ನನ್ನು ತಡೆಯುತ್ತದೆ. ಸತ್ಯ ಬರೆಯಿರಿ ಎಂದು ಸಭೆ ಹೇಳಿದರೆ ಬೆಲೆ ಹೋಗುವುದು ಹಾಸ್ಟೆಲಿನ ಸೀಟು ಕಾಯುವ ಹುಡುಗಿಯ ಕಿಸೆಯಿಂದ, ಬೋಧಕನ ಕಿಸೆಯಿಂದಲ್ಲ. ಅಲ್ಲಿಗೆ ಬೋಧಕನ ಮೌನವೇ ವಿಧೇಯತೆ, ನನ್ನ ಸತ್ಯದ ಹಟವೇ ನಿಯಮನಿಷ್ಠೆ ಎಂದಾಗುತ್ತದೆ. ಧರ್ಮ ಬದಲಿಸಿದ ದಿನವೇ ಜಾತಿ ಕಳಚಿಬಿತ್ತೆಂದು ನಂಬುವ ಆ ಆದೇಶಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿದೆಯೇ ಎಂಬ ಮಾತೂ ಉಂಟು. ದೀಕ್ಷಾಸ್ನಾನವಾದ ಮಾರನೆಯ ದಿನ ನಮ್ಮಜ್ಜಿಗೆ ಯಾರೂ ಬಾವಿ ಬಿಟ್ಟುಕೊಡಲಿಲ್ಲ. ಅಷ್ಟಾದರೂ, ಸರಕಾರದ ಸುಳ್ಳಿನಿಂದ ನನ್ನ ಸುಳ್ಳು ನಿಜವಾಗುವುದಿಲ್ಲ.

ಅಕ್ಕನ ಮಗಳ ಅರ್ಜಿ ಈ ತಿಂಗಳು ಹೋಗಬೇಕು. ಎಡೆಯ ಹೋಳಿಗೆಯನ್ನು ಹೊಸ್ತಿಲೊಳಗೆ ಬಿಡದ ಅಕ್ಕ, "ಕೇಳಿದ್ರ ಹೇಳೂಣು, ಕೇಳದಿದ್ರ ಸುಮ್ನಿರೂಣು" ಎನ್ನುತ್ತಾಳೆ; ಕೊರಿಂಥದ ಹತ್ತನೆಯ ಅಧ್ಯಾಯವೇ ಅದು. ಆದರೆ ಅರ್ಜಿಯಲ್ಲಿ ಧರ್ಮದ ಕಲಂ ಇದೆ, ಅದು ಕೇಳಿಯೇ ಕೇಳುತ್ತದೆ. ಪೌಲನಂತೆ ಇನ್ನೊಬ್ಬರ ಮನಸ್ಸಾಕ್ಷಿಗಾಗಿ ಬಿಡಬೇಕೆಂದರೆ ಇಲ್ಲಿ ಆ ಇನ್ನೊಬ್ಬರು ಯಾರು? ತಹಶೀಲ್ದಾರರೇ? ಅಥವಾ ಬಾಜೂ ಮನೆಯ ಮಾದಿಗರ ಹುಡುಗನೇ, ಸಭೆಗೆ ಎಂದೂ ಬಾರದ, ಅದೇ ಮೀಸಲಾತಿಯಲ್ಲಿ ಅದೇ ಸೀಟಿಗೆ ಅರ್ಜಿ ಹಾಕಿರುವವನು? ಅವನೇ ಆ ತಮ್ಮ ಎಂದು ನನಗೆ ಅನ್ನಿಸುತ್ತದೆ. ಹಾಗಿದ್ದರೆ ಬಿಡಬೇಕಾದವರು ನಾವು. ನಾನು ಇದನ್ನು ಹೇಳಿದಾಗ ಅಕ್ಕ ನಕ್ಕಳು. ಯಾವ ದಾಖಲೆ ಬೇಕು, ಯಾವ ಕಲಂನಲ್ಲಿ ಏನು ತುಂಬಬೇಕು ಎಂದು ಮಗಳಿಗೆ ಹೇಳಿಕೊಟ್ಟದ್ದು ಆ ಹುಡುಗನೇ.