ನಮ್ಮ ನಂತರ ಏನು ಉಳಿಯಬೇಕು?

ಹುಟ್ಟಿದವನು ಒಂದು ದಿನ ಸಾಯಲೇಬೇಕು. ಈ ವಿಷಯದಲ್ಲಿ ಆಸ್ತಿಕನಿಗೂ ನಾಸ್ತಿಕನಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ತಾನು ಹೋದ ಮೇಲೂ ತನ್ನದೇನಾದರೂ ಈ ಭೂಮಿಯ ಮೇಲೆ ಉಳಿಯಬೇಕೆಂಬ ಆಸೆ ಮಾತ್ರ ಮನುಷ್ಯನನ್ನು ಬಿಡುವುದಿಲ್ಲ. ಅದಕ್ಕಾಗಿಯೇ ಅರಸರು ಭವ್ಯವಾದ ಗೋರಿಗಳನ್ನು ಕಟ್ಟಿಸಿದರು. ಶ್ರೀಮಂತರು ಬಂಗಲೆಯ ಹಣೆಯ ಮೇಲೆ ತಮ್ಮ ಹೆಸರು ಕೆತ್ತಿಸಿದರು. ಬಡವನು ಮೊಮ್ಮಗನಿಗೆ ತನ್ನ ತಂದೆಯ ಹೆಸರಿಟ್ಟು ಸಮಾಧಾನಪಡುತ್ತಾನೆ. ಈ ಆಸೆ ಸರಿಯೇ? ಅಲ್ಲಾಹನ ಸಂತೃಪ್ತಿಗಾಗಿ ಬದುಕಬೇಕಾದ ಸತ್ಯವಿಶ್ವಾಸಿಯು ಜನರು ತನ್ನನ್ನು ನೆನೆಯಲಿ ಎಂದು ಬಯಸಬಹುದೇ?

ಮೇಲ್ನೋಟಕ್ಕೆ ಬಯಸಬಾರದು ಎಂದೇ ಅನಿಸುತ್ತದೆ. ನಿರ್ಣಾಯಕ ದಿನದಂದು ಮೊಟ್ಟಮೊದಲು ವಿಚಾರಣೆಗೊಳಗಾಗುವ ಮೂವರ ಕುರಿತು ಪ್ರವಾದಿವರ್ಯರು(ಸ) ನಮಗೆ ತಿಳಿಸಿದ್ದಾರೆ. ಒಬ್ಬನು ರಣರಂಗದಲ್ಲಿ ಮಡಿದವನು, ಇನ್ನೊಬ್ಬನು ವಿದ್ವಾಂಸ, ಮತ್ತೊಬ್ಬನು ದಾನಿ. ಮೂವರ ಕೆಲಸಗಳೂ ಶ್ರೇಷ್ಠವಾದವು. ಆದರೆ ಜನರು ತಮ್ಮನ್ನು ವೀರ, ಪಂಡಿತ, ಉದಾರಿ ಎಂದು ಕರೆಯಲಿ ಎಂಬುದೇ ಅವರ ಗುರಿಯಾಗಿತ್ತು. ಜನರು ಹಾಗೆ ಕರೆದೂ ಆಯಿತು. ಕೇಳಿದ ಕೂಲಿ ಇಹಲೋಕದಲ್ಲೇ ಸಂದಾಯವಾಗಿದೆ. ಇನ್ನು ಅಲ್ಲಾಹನ ಬಳಿ ಅವರಿಗೆ ಬರಬೇಕಾದ ಬಾಕಿ ಏನೂ ಇಲ್ಲ.

ಹಾಗೆಂದು ಕುರ್‌ಆನ್ ಈ ಆಸೆಯನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ಇಲ್ಲ. ಮುಂದಿನ ತಲೆಮಾರುಗಳಲ್ಲಿ ತನಗೆ ಸತ್ಯದ ಹೆಸರು ಉಳಿಯಲಿ ಎಂದು ಪ್ರವಾದಿ ಇಬ್ರಾಹೀಮ್(ಅ) ಪ್ರಾರ್ಥಿಸಿದ್ದನ್ನು ಅಶ್ಶುಅರಾ ಅಧ್ಯಾಯ ತಿಳಿಸುತ್ತದೆ. ಬಹಿರಂಗವಾಗಿ ಕೊಡುವ ದಾನವೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು ಎಂದು ಅಲ್ ಬಕರ ಅಧ್ಯಾಯ ಹೇಳುತ್ತದೆ. ಯಾಸೀನ್ ಅಧ್ಯಾಯದಲ್ಲಂತೂ, ಜನರು ಮುಂದಕ್ಕೆ ಕಳುಹಿಸಿದ ಕರ್ಮಗಳ ಜೊತೆಗೆ ಅವರು ಹಿಂದೆ ಬಿಟ್ಟುಹೋದ ಗುರುತುಗಳನ್ನೂ ದಾಖಲಿಸಲಾಗುತ್ತದೆ ಎಂದಿದೆ. ಅಲ್ಲಿರುವ ಪದ ‘ಆಸಾರ್’. ಮರಳಿನ ಮೇಲೆ ಮೂಡಿದ ಹೆಜ್ಜೆಗುರುತಿಗೂ ಅರಬಿಯಲ್ಲಿ ಅದೇ ಪದ. ಗಮನಿಸಿರಿ, ಹೆಜ್ಜೆಯ ಮೇಲೆ ಯಾರ ಹೆಸರೂ ಇರುವುದಿಲ್ಲ. ಆದರೂ ಹಿಂದಿನಿಂದ ಬರುವವನಿಗೆ ಅದು ದಾರಿ ತೋರಿಸುತ್ತದೆ. ಆದ್ದರಿಂದ ಜನರು ನನ್ನನ್ನು ಹೇಗೆ ನೆನೆಯುವರು ಎಂದು ಕೇಳುವುದಕ್ಕಿಂತ, ನನ್ನನ್ನು ಯಾರೂ ನೆನೆಯದೆ ಹೋದರೂ ನಡೆಯುತ್ತಲೇ ಇರುವಂಥದ್ದು ನನ್ನಿಂದ ಏನಾದರೂ ಉಳಿದಿದೆಯೇ ಎಂದು ಕೇಳಿಕೊಳ್ಳಬೇಕು.

ದಂಡು ಪ್ರದೇಶದ ಪಾಠ

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ದಂಡು ಪ್ರದೇಶವನ್ನು, ಅಂದರೆ ಕಂಟೋನ್ಮೆಂಟನ್ನು ನೋಡಿರಿ. ಬ್ರಿಟಿಷರ ಕಾಲದ ಅಧಿಕಾರಿಗಳ ಹೆಸರನ್ನು ಅಲ್ಲಿ ಬೀದಿಗಳಿಗೂ ಬಡಾವಣೆಗಳಿಗೂ ಇಡಲಾಗಿತ್ತು. ಕಾಲ ಬದಲಾಯಿತು. ಬ್ಲಾಕ್‌ಪಲ್ಲಿ ಶಿವಾಜಿನಗರವಾಯಿತು, ಫ್ರೇಜರ್ ಟೌನ್‌ಗೆ ಪುಲಿಕೇಶಿನಗರವೆಂದು ಹೆಸರಾಯಿತು. ಫಲಕದ ಮೇಲಿನ ಹೆಸರಿನ ಬಾಳಿಕೆ ಇಷ್ಟೇ. ಇನ್ನೊಬ್ಬರು ಬಂದು ಬೇರೆ ಫಲಕ ಹಾಕುವವರೆಗೆ.

ಅದೇ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆ ಇದೆ. ಕಛ್ಛೀ ಮೇಮನ್ ಸಮುದಾಯದ ದೊಡ್ಡ ವರ್ತಕರಾಗಿದ್ದ ಇಸ್ಮಾಯಿಲ್ ಸೇಠರ ಕೊಡುಗೆಯಿಂದ 1925ರಲ್ಲಿ ಅದು ಸ್ಥಾಪನೆಯಾಯಿತು. ಗೋಷಾ ಎಂದರೆ ಪರ್ದಾ. ಗಂಡಸರು ಓಡಾಡುವ ಆಸ್ಪತ್ರೆಗೆ ಹೋಗಲು ಗೋಷಾದ ಹೆಂಗಸರು ಹಿಂಜರಿಯುತ್ತಿದ್ದ ಕಾಲ ಅದು. ಹೆರಿಗೆಯ ಹೊತ್ತಿನಲ್ಲಿ ಈ ಹಿಂಜರಿಕೆಗೆ ಪ್ರಾಣವನ್ನೇ ತೆರಬೇಕಾಗಬಹುದಿತ್ತು. ಸೇಠರ ದಾನ ಈ ಕೊರತೆಯನ್ನು ಗುರುತಿಸಿತು. ಗೋಷಾ ಬಿಟ್ಟು ಬಂದರೆ ಮಾತ್ರ ಚಿಕಿತ್ಸೆ ಎಂದು ಅದು ಹೆಂಗಸರಿಗೆ ಹೇಳಲಿಲ್ಲ. ಅವರಿದ್ದಲ್ಲಿಗೆ ಚಿಕಿತ್ಸೆಯನ್ನು ತಂದಿತು.

ಆಸ್ಪತ್ರೆಯ ಫಲಕದಲ್ಲಿ ಸೇಠರ ಹೆಸರು ಇದೆ, ನಿಜ. ಆದರೆ ಜನರ ಬಾಯಲ್ಲಿ ಏನಿದೆ? ಆಟೋದವನಿಗೆ ‘ಗೋಷಾ ಆಸ್ಪತ್ರೆ’ ಎಂದರೆ ಸಾಕು. ಕೊಟ್ಟವರ ಹೆಸರು ಆಡುಮಾತಿನಿಂದ ಉದುರಿಹೋಗಿದೆ, ಯಾರಿಗಾಗಿ ಕೊಟ್ಟರೋ ಅವರ ಅಗತ್ಯದ ಹೆಸರು ಉಳಿದಿದೆ. ಇಂದು ಅದು ಸರಕಾರಿ ಆಸ್ಪತ್ರೆ. ಗೋಷಾದ ಅರ್ಥವೇ ಗೊತ್ತಿಲ್ಲದ, ಎಲ್ಲ ಜಾತಿ ಮತಗಳ ಬಡ ತಾಯಂದಿರು ಅಲ್ಲಿ ಹೆರುತ್ತಾರೆ. ಹುಟ್ಟಿದ ಮಗುವಿಗೆ ಸೇಠರು ಯಾರೆಂದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅಲ್ಲಾಹನಿಗೆ ಗೊತ್ತಿದ್ದರೆ ಸಾಲದೇ? ಅವರು ಫ್ರೇಜರ್ ಟೌನ್‌ನಲ್ಲಿ ಮಸೀದಿಯನ್ನೂ ಕಟ್ಟಿಸಿದರು. ಅಲ್ಲಿಯ ರಸ್ತೆಯನ್ನು ಜನರು ಇಂದಿಗೂ ಮಾಸ್ಕ್ ರೋಡ್ ಎಂದೇ ಕರೆಯುತ್ತಾರೆ.

ಇದು ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಅದೇ ದಂಡಿನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 19ನೇ ಶತಮಾನದ ಹೆಸರಾಂತ ಗುತ್ತಿಗೆದಾರರು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ಅಠಾರಾ ಕಚೇರಿಯನ್ನು ಕಟ್ಟಿಸಿಕೊಟ್ಟವರು ಅವರೇ. ಇಂದು ಅಲ್ಲಿ ಹೈಕೋರ್ಟ್ ಇದೆ. ಒಳಹೋಗುವ ಕಕ್ಷಿದಾರರಲ್ಲಿ ಎಷ್ಟು ಮಂದಿಗೆ ಗುತ್ತಿಗೆದಾರನ ನೆನಪಿದೆ? ಆದರೆ ಅವರು 1873ರಲ್ಲಿ ಬಡ ಮಕ್ಕಳಿಗಾಗಿ ಆರಂಭಿಸಿದ ಶಾಲೆಯಿಂದ ಬೆಳೆದ ವಿದ್ಯಾಸಂಸ್ಥೆಗಳು ಹಲಸೂರು ಕೆರೆಯ ಆಸುಪಾಸಿನಲ್ಲಿ ಈಗಲೂ ನಡೆಯುತ್ತಿವೆ. ಹಣ ಪಡೆದು ಕಟ್ಟಿದ್ದು ಅವರನ್ನು ಮರೆಯಿತು, ಹಣ ಕೊಟ್ಟು ಕಟ್ಟಿದ್ದು ಅವರ ಕೆಲಸವನ್ನು ಮುಂದುವರಿಸುತ್ತಿದೆ.

ನಮ್ಮ ಕಾಲಕ್ಕೆ ಬಂದರೆ ಡಾ. ಮುಮ್ತಾಝ್ ಅಹ್ಮದ್ ಖಾನ್ ಇದ್ದಾರೆ. ವೃತ್ತಿಯಿಂದ ವೈದ್ಯರಾಗಿದ್ದ ಅವರು 1966ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ವಿದ್ಯಾಸಂಸ್ಥೆಗೆ ಸ್ವಂತ ಹೆಸರು ಇಡಲಿಲ್ಲ, ಮನೆತನದ ಹೆಸರನ್ನೂ ಇಡಲಿಲ್ಲ. ‘ಅಲ್ ಅಮೀನ್’ ಎಂದು ಕರೆದರು. ಅದು ವಿಶ್ವಾಸಾರ್ಹ ಎಂಬ ಅರ್ಥದ, ಮಕ್ಕಾದ ಜನರು ಪ್ರವಾದಿವರ್ಯರಿಗೆ(ಸ) ಕೊಟ್ಟ ಬಿರುದು. ಅವರು 2021ರಲ್ಲಿ ನಿಧನರಾದರು. ಸಂಸ್ಥೆಗೆ ಆ ಹೆಸರಿರುವವರೆಗೆ ಅದನ್ನು ನಡೆಸುವವರ ಮೇಲೆ ಆ ಬಿರುದಿನ ಹೊಣೆಯೂ ಇರುತ್ತದೆ.

ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ಇದರ ಎದುರಿಗೆ ನಮ್ಮ ಮೊಹಲ್ಲಾಗಳ ರೂಢಿಯನ್ನು ಇಟ್ಟು ನೋಡಿರಿ. ಮಸೀದಿಗೆ ಒಂದು ಫ್ಯಾನ್ ಕೊಟ್ಟರೆ ಅದರ ರೆಕ್ಕೆಯ ಮೇಲೆ ಕೊಟ್ಟವರ ಹೆಸರು ಬರೆಸುವುದುಂಟು. ತೀರಿಕೊಂಡ ತಂದೆ ತಾಯಿಗಾಗಿ ದುಆ ಮಾಡಲಿ ಎಂಬ ಉದ್ದೇಶವಿದ್ದರೆ ಅದನ್ನು ಆಕ್ಷೇಪಿಸಲಾಗದು. ಆದರೆ ಫ್ಯಾನ್ ತಿರುಗುವಾಗ ಆ ಹೆಸರು ಯಾರಿಗೂ ಕಾಣುವುದಿಲ್ಲ, ಎಲ್ಲರಿಗೂ ಗಾಳಿ ಮಾತ್ರ ಸಿಗುತ್ತದೆ. ಕರೆಂಟು ಹೋಗಿ ಫ್ಯಾನ್ ನಿಂತಾಗ ಹೆಸರು ಸ್ಪಷ್ಟವಾಗಿ ಓದಲು ಸಿಗುತ್ತದೆ, ಗಾಳಿ ಮಾತ್ರ ಇರುವುದಿಲ್ಲ. ಯೋಚಿಸುವವರಿಗೆ ಇದರಲ್ಲಿ ಪಾಠವಿದೆ.

ಹಝ್ರತ್ ಉಮರ್‌ರಿಗೆ(ರ) ಖೈಬರ್‌ನಲ್ಲಿ ಬೆಲೆಬಾಳುವ ಜಮೀನು ಸಿಕ್ಕಿತು. ಏನು ಮಾಡಲಿ ಎಂದು ಅವರು ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಮೂಲವನ್ನು ಕಾಯ್ದಿರಿಸಿ ಫಲವನ್ನು ದಾನ ಮಾಡಬಹುದು ಎಂಬ ಸಲಹೆ ಬಂತು. ಆ ಜಮೀನನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಫಲವು ಬಡವರಿಗೆ, ಬಂಧುಗಳಿಗೆ, ಗುಲಾಮರ ಬಿಡುಗಡೆಗೆ, ಪ್ರಯಾಣಿಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವನು ಮಿತವಾಗಿ ತಿನ್ನಬಹುದು, ಕೂಡಿಡಬಾರದು. ವಕ್ಫ್ ಎಂಬ ವ್ಯವಸ್ಥೆ ನೆಲೆನಿಂತಿರುವುದು ಈ ಷರತ್ತುಗಳ ಮೇಲೆಯೇ.

ಈ ಕೊನೆಯ ಷರತ್ತಿನಲ್ಲೇ ನಾವು ಎಡವಿದ್ದೇವೆ. ನಮ್ಮ ರಾಜ್ಯದಲ್ಲಿ ಸಾವಿರಾರು ಎಕರೆ ವಕ್ಫ್ ಜಮೀನು ಕೈತಪ್ಪಿದೆಯೆಂದು 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ವರದಿ ಆರೋಪಿಸಿತು. ಅದರ ಅಂಕಿಗಳ ಬಗ್ಗೆ ರಾಜಕೀಯ ವಾಗ್ವಾದ ಇರಬಹುದು. ಆದರೆ ನಮ್ಮ ಮೊಹಲ್ಲಾದ ಮಸೀದಿಯ ಅಂಗಡಿಯ ಬಾಡಿಗೆ ಎಷ್ಟು, ಅದು ಎಲ್ಲಿ ಹೋಗುತ್ತದೆ ಎಂದು ಕೇಳಲು ವಾಗ್ವಾದದ ಅಗತ್ಯವಿಲ್ಲ. ಸತ್ತವನು ಎದ್ದುಬಂದು ಲೆಕ್ಕ ಕೇಳುವುದಿಲ್ಲ ಎಂಬ ಧೈರ್ಯದಿಂದ ತಿನ್ನುವವರು, ಲೆಕ್ಕ ಕೇಳುವವನು ಸಾಯುವುದೇ ಇಲ್ಲ ಎಂಬುದನ್ನು ಮರೆತಿದ್ದಾರೆ. ಕೊಟ್ಟು ಹೋದವರ ನಂತರದ ಬದುಕು ಬದುಕಿರುವವರ ಪ್ರಾಮಾಣಿಕತೆಯಲ್ಲಿದೆ.

ಹಣವಿಲ್ಲದವರೇನು ಮಾಡಬೇಕು?

ನಮ್ಮ ಬಳಿ ಆಸ್ಪತ್ರೆ ಕಟ್ಟಿಸುವ ಹಣವೆಲ್ಲಿದೆ ಎಂದು ನೀವು ಕೇಳಬಹುದು. ಮನುಷ್ಯನು ಮರಣಿಸಿದಾಗ ಅವನ ಕರ್ಮಗಳು ನಿಲ್ಲುತ್ತವೆ, ಆದರೆ ಮೂರು ಮಾತ್ರ ನಿಲ್ಲುವುದಿಲ್ಲ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹರಿಯುತ್ತಿರುವ ದಾನ, ಇತರರಿಗೆ ಉಪಯೋಗವಾಗುವ ಜ್ಞಾನ ಮತ್ತು ತನಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ. ಮೂರರಲ್ಲಿ ಎರಡಕ್ಕೆ ಹಣ ಬೇಕಾಗಿಲ್ಲ. ಕೆ.ಆರ್. ಪುರದ ಯಾವುದೋ ಓಣಿಯಲ್ಲಿ ಅಸರ್ ನಂತರ ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ಅಲಿಫ್, ಬಾ ಕಲಿಸುವ ತಾಯಿಯನ್ನು ಊಹಿಸಿಕೊಳ್ಳಿರಿ. ಆ ಮಕ್ಕಳು ಮುಂದೆ ತಮ್ಮ ಮಕ್ಕಳಿಗೆ ಓದಿಸುವಾಗ ಆಕೆಯ ಹೆಸರು ಯಾರಿಗೂ ನೆನಪಿರಲಿಕ್ಕಿಲ್ಲ. ಆದರೆ ಪ್ರತಿ ಅಕ್ಷರದಲ್ಲೂ ಆಕೆಗೆ ಪಾಲಿರುತ್ತದೆ. ಮಗನಿಗೆ ತೂಕದಲ್ಲಿ ಮೋಸ ಮಾಡದಂತೆ ಕಲಿಸಿದ ಅಂಗಡಿಯವನು ಬಿಟ್ಟುಹೋದ ಆಸ್ತಿಯೂ ಸಣ್ಣದಲ್ಲ.

ಆದರೆ ದಾನಕ್ಕಿಂತ ಮೊದಲು ಹಕ್ಕುಗಳು ಬರುತ್ತವೆ. ಜನಾಝಾ ಮುಂದೆ ಇದ್ದಾಗ ಪ್ರವಾದಿವರ್ಯರು(ಸ), ಮೃತನ ಮೇಲೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ಹೇಳಬೇಕಾದ ಸಂಗತಿಯಿರುವವನು ವಸಿಯ್ಯತ್ ಬರೆದಿಡದೆ ಎರಡು ರಾತ್ರಿಗಳನ್ನೂ ಕಳೆಯಬಾರದೆಂದು ಹದೀಸ್‌ನಲ್ಲಿ ಬಂದಿದೆ. ಆಸ್ತಿಯನ್ನೆಲ್ಲ ದಾನ ಮಾಡಲು ಹೊರಟ ಹಝ್ರತ್ ಸಅದ್‌ರನ್ನು(ರ) ತಡೆದು, ಮೂರನೇ ಒಂದು ಭಾಗವೇ ಹೆಚ್ಚಾಯಿತು, ವಾರಸುದಾರರು ಇನ್ನೊಬ್ಬರ ಮುಂದೆ ಕೈಚಾಚುವಂತೆ ಬಿಟ್ಟುಹೋಗಬಾರದು ಎಂದು ಅವರು ತಿಳಿಹೇಳಿದರು.

ಈ ಬೆಳಕಿನಲ್ಲಿ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ತಂದೆಯ ಹೆಸರಿನಲ್ಲಿ ಮಸೀದಿಗೆ ಕಮಾನು ಕಟ್ಟಿಸುವ ಮಗನು ಅದೇ ತಂದೆಯ ಆಸ್ತಿಯಲ್ಲಿ ತಂಗಿಯ ಪಾಲನ್ನು ಕೊಟ್ಟಿದ್ದಾನೆಯೇ? ಮದುವೆಗೆ ಖರ್ಚು ಮಾಡಿಲ್ಲವೇ, ಆಕೆಯೇ ಬಿಟ್ಟುಕೊಟ್ಟಳಲ್ಲವೇ ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ? ಅಣ್ಣಂದಿರು ಮುನಿದಾರು, ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆಯಿಂದ ಹಾಕಿದ ಸಹಿ ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಆಸ್ತಿ ಅಲ್ಪವಿರಲಿ ಅಧಿಕವಿರಲಿ, ಹೆಣ್ಣಿಗೂ ಪಾಲಿದೆಯೆಂದು ಅನ್ನಿಸಾ ಅಧ್ಯಾಯ ನಿಗದಿಪಡಿಸಿದೆ. ಆ ಪಾಲಿನ ಹಣದಿಂದ ಎದ್ದ ಕಮಾನು ತಂದೆಗೆ ಪುಣ್ಯವನ್ನು ತಲುಪಿಸೀತೇ?

ಪ್ರವಾದಿವರ್ಯರು(ಸ) ಇಹಲೋಕ ತ್ಯಜಿಸಿದಾಗ ದೀನಾರ್ ದಿರ್ಹಮ್‌ಗಳನ್ನು ಬಿಟ್ಟುಹೋಗಲಿಲ್ಲ. ಇದ್ದುದು ಒಂದು ಬಿಳಿ ಹೇಸರಗತ್ತೆ, ಆಯುಧಗಳು, ದಾನವಾಗಿ ಬಿಟ್ಟ ಒಂದು ತುಂಡು ಭೂಮಿ. ಲೋಕಕ್ಕೆ ಅವರು ಬಿಟ್ಟುಹೋದುದು ಏನೆಂದು ನಮಗೆಲ್ಲ ಗೊತ್ತಿದೆ.

ಆದ್ದರಿಂದ ಪ್ರಿಯ ಓದುಗರೇ, ಈ ವಾರವೇ ಒಂದು ಹಾಳೆ ತೆಗೆದುಕೊಳ್ಳಿರಿ. ಕೊಡಬೇಕಾದ ಸಾಲ, ಸಲ್ಲಬೇಕಾದ ಪಾಲು, ಮಕ್ಕಳಿಗೆ ಹೇಳಬೇಕಾದ ಮಾತು, ಎಲ್ಲವನ್ನೂ ಬರೆದಿಡಿರಿ. ಉಳಿದುದರಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ಕೈಹಾಕಿರಿ. ಹೆಸರು ಉಳಿದರೆ ಅದು ಅಲ್ಲಾಹನ ಅನುಗ್ರಹ. ಉಳಿಯದಿದ್ದರೆ ನಷ್ಟವಿಲ್ಲ. ನಮ್ಮ ಹೆಜ್ಜೆಗಳನ್ನು ಒಳಿತಿನ ದಾರಿಯಲ್ಲಿ ಮೂಡಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.