ಬೇಕಾದದ್ದನ್ನು ಬರೆಯುವ ಧೈರ್ಯ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನಗಳಲ್ಲಿ ಖಾನಾಪುರ ಸೀಮೆಯ ಮನೆಗಳಲ್ಲಿ ಒಂದು ಮಾತು ಓಡಾಡುತ್ತದೆ: ಸೈನ್ಸ್ ತಗೊಂಡ್ರ ಮುಂದ ಯಾವ ಕಡೀಗಾದ್ರೂ ಹೋಗಬಹುದು. ಮಾತು ಸುಳ್ಳಲ್ಲ. ವಿಜ್ಞಾನ ಓದಿದವರು ನಾಳೆ ಕಾನೂನನ್ನೋ ಇತಿಹಾಸವನ್ನೋ ಓದಬಹುದು. ಕಲಾ ವಿಭಾಗದವರಿಗೆ ಇಂಜಿನಿಯರಿಂಗ್ ಬಾಗಿಲು ತೆರೆಯುವುದಿಲ್ಲ. ಹಾಗೆಂದೇ ಮಕ್ಕಳು ಬೆಳಗಾವಿಯ ಬಸ್ಸು ಹತ್ತುತ್ತಾರೆ. ದಾರಿಯಲ್ಲಿ ಮಚ್ಛೆಯ ಬಳಿ 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿಗುತ್ತದೆ. ಆದರೆ ಎಲ್ಲ ಬಾಗಿಲನ್ನೂ ತೆರೆದಿಡುವುದು ಆಯ್ಕೆಯೇ? ನನಗೆ ಅದು ಆಯ್ಕೆಯನ್ನು ಎರಡು ವರ್ಷ ಮುಂದೂಡಿದಂತೆ ಕಾಣುತ್ತದೆ.

ಆ ಎರಡು ವರ್ಷ ನೀಟ್‌ನ 720 ಅಂಕಗಳ, ಸಿಇಟಿಯ ರ‍್ಯಾಂಕಿನ ಲೆಕ್ಕದಲ್ಲಿ ಮುಗಿದುಹೋಗುತ್ತವೆ. ಏನು ಬೇಕು ಎಂದು ಯಾರೂ ಕೇಳುವುದಿಲ್ಲ. ಕೊನೆಗೆ ಕೇಳುವುದು ಒಂದು ಕಂಪ್ಯೂಟರು, ಆಪ್ಷನ್ ಎಂಟ್ರಿಯಲ್ಲಿ. ಕಾಲೇಜು, ಕೋರ್ಸುಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಬರೆಯಿರಿ ಎನ್ನುತ್ತದೆ.

ಈ ಯಂತ್ರದ ನಡತೆ ಸರಳ. ರ‍್ಯಾಂಕಿನ ಸರದಿ ಬಂದಾಗ ಅದು ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದರ ಅವಕಾಶ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಅಂದರೆ ನಿಜ ಬರೆಯುವುದರಿಂದ ನಷ್ಟವಿಲ್ಲ. ಬದುಕಿನಲ್ಲಿ ಇಂಥ ಜಾಗಗಳು ಹೆಚ್ಚಿಲ್ಲ. ಆದರೂ ನಾವು ಹೋದ ವರ್ಷದ ಕಟ್‌ಆಫ್ ಎದುರಿಟ್ಟುಕೊಂಡು, ಊರಿನವರು ಮೆಚ್ಚುವ ಕ್ರಮದಲ್ಲೇ ತುಂಬುತ್ತೇವೆ.

ಬಡವರಿಗೆಲ್ಲಿಯ ಆಯ್ಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ 15% ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೂ ಹಳ್ಳಿಯಲ್ಲೇ ಓದಿರಬೇಕು. ಖಾನಾಪುರ ಪಟ್ಟಣ ಪಂಚಾಯಿತಿ. ನಿಯಮದ ಕಣ್ಣಿಗೆ ಅದು ಹಳ್ಳಿಯಲ್ಲ. ಜಾಂಬೋಟಿಯ ಕಡೆಯ ಹುಡುಗಿಯೊಬ್ಬಳನ್ನು ಒಳ್ಳೆಯ ಹೈಸ್ಕೂಲೆಂದು ಖಾನಾಪುರಕ್ಕೆ ಕಳಿಸಿದರೆ ಆ ಸೌಲಭ್ಯ ಅಲ್ಲಿಗೇ ತಪ್ಪಿತು. ಮಳೆಗಾಲದಲ್ಲಿ ತೋಯ್ದುಕೊಂಡು ಬರುವ ಕಾಡುದಾರಿ ಮಾತ್ರ ಹಳ್ಳಿಯದೇ. ಅವಳ ರ‍್ಯಾಂಕಿನ ಬೆಲೆಯನ್ನು ಅವಳ ಹದಿಮೂರನೆಯ ವಯಸ್ಸಿನಲ್ಲಿ ಬೇರೆಯವರು ನಿರ್ಧರಿಸಿಯಾಗಿತ್ತು.

ಇಷ್ಟಾದ ಮೇಲೂ ಉಳಿಯುವ ಪಾಲೊಂದಿದೆ. ಭೀಮಗಡದ ಕಾಡಂಚಿನಲ್ಲಿ ಬೆಳೆದ ಆ ಹುಡುಗಿಗೆ ಗಿಡಮರಗಳಲ್ಲಿ ಆಸಕ್ತಿ ಎನ್ನಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿದೆ, ಅದರ ಬಿ.ಎಸ್ಸಿ.ಗೂ ಸಿಇಟಿಯೇ ದಾರಿ. ಅವಳ ಪಟ್ಟಿಯಲ್ಲಿ ಅದು ನಲವತ್ತನೆಯ ಸಾಲಿಗೆ ಇಳಿಯುತ್ತದೆ. ಯಾಕೆ? ಹಾಸ್ಟೆಲ್ ಖರ್ಚು ತಾಳಲಾರೆವು ಎಂದು ಅಪ್ಪ ಹೇಳಿದರೆ ಅದು ಪ್ರಾಮಾಣಿಕ ಕಾರಣ. ಕೈಲಾಗದ್ದು ಕೂಡ ಬೇಕು-ಬೇಡಗಳ ಭಾಗವೇ. 'ಗಿಡಾ ಎಣಸಾಕ ಇಷ್ಟು ಓದಬೇಕೇನು?' ಎಂದು ನೆಂಟರು ನಗುತ್ತಾರೆ ಎನ್ನುವುದು ಬೇರೆ ಜಾತಿಯ ಕಾರಣ. ಕಷ್ಟವೆಂದರೆ ಮನೆಯಲ್ಲಿ ಎರಡಕ್ಕೂ ಒಂದೇ ಹೆಸರು: ಪರಿಸ್ಥಿತಿ. ಮೊದಲನೆಯದಕ್ಕೆ ವಿದ್ಯಾರ್ಥಿವೇತನ ಹುಡುಕಬಹುದು, ಸಾಲ ಕೇಳಬಹುದು. ಎರಡನೆಯದಕ್ಕೆ ಯಾವ ಬ್ಯಾಂಕೂ ಇಲ್ಲ.

ಅಣಕು ಹಂಚಿಕೆಯಾದ ಮೇಲೂ ಸಾಲುಗಳನ್ನು ಹಿಂದೆಮುಂದೆ ಮಾಡಲು ಪರೀಕ್ಷಾ ಪ್ರಾಧಿಕಾರ ಕೆಲವು ದಿನ ಕೊಡುತ್ತದೆ. ಯಾವ ಕಾರಣ ಯಾವುದೆಂದು ಅಪ್ಪ-ಮಗಳು ಎದುರುಬದುರು ಕೂತು ವಿಂಗಡಿಸಲು ಅಷ್ಟು ದಿನ ಸಾಕು.