ರಜೆಯ ಪ್ರವಾಸ: ಅಗ್ಗ ಯಾವುದು, ದುಬಾರಿ ಯಾವುದು?

ಪರೀಕ್ಷೆಗಳು ಮುಗಿದು ಏಪ್ರಿಲ್ ಎರಡನೆಯ ವಾರ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ಅಬ್ಬಾ, ಈ ಸಲ ಎಲ್ಲಿಗೆ ಹೋಗೋಣ?" ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಅಂಗಳದ ಪರಸಿ ಕಲ್ಲಿನ ಮೇಲೆ ಬರಿಗಾಲು ಇಡಲಾಗದು. ಮಕ್ಕಳು ಮಧ್ಯಾಹ್ನವಿಡೀ ಕೋಣೆಯೊಳಗೆ ಮೊಬೈಲು ಹಿಡಿದು ಕುಳಿತಿರುತ್ತಾರೆ. ಅವರ ಗೆಳೆಯರಲ್ಲೊಬ್ಬ ಊಟಿಗೆ ಹೋಗಿದ್ದಾನೆ, ಇನ್ನೊಬ್ಬನ ಮನೆಯವರು ಗೋವಾಕ್ಕೆ ಹೊರಟಿದ್ದಾರೆ. ತಂದೆ ತನ್ನ ಜೇಬು ಮುಟ್ಟಿ ನೋಡಿಕೊಂಡು, "ನೋಡೋಣ" ಎಂದು ಹೇಳಿ ಮಸೀದಿಯತ್ತ ಹೆಜ್ಜೆ ಹಾಕುತ್ತಾನೆ.

ಪ್ರಿಯ ಓದುಗರೇ, ಆ ತಂದೆ ನೀವೂ ಆಗಿರಬಹುದು. ನಾನಂತೂ ಆಗಿದ್ದೇನೆ.

ಪ್ರವಾಸವೆಂದರೆ ಕೆಲವರಿಗೆ ಮೂಲತಃ ದುಂದುವೆಚ್ಚ. "ಹೊಟ್ಟೆಗೆ ದುಡಿಯುವವನಿಗೆ ಊರು ಸುತ್ತುವ ಶೋಕಿ ಏಕೆ?" ಎಂದು ನಮ್ಮ ಹಿರಿಯರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಕಾಳಜಿ ಇದೆ, ಆದರೆ ಅದು ಪೂರ್ಣ ಸತ್ಯವಲ್ಲ. ಹಗಲು ಉಪವಾಸ, ಇರುಳು ನಮಾಜು ಎಂದು ಮನೆಯವರನ್ನು ಮರೆತಿದ್ದ ಅಬುದ್ದರ್ದಾ(ರ)ರಿಗೆ ಸಲ್ಮಾನ್(ರ) ಅವರು, ಅಲ್ಲಾಹನ ಹಕ್ಕಿನಂತೆ ಮನೆಯವರ ಹಕ್ಕೂ ನಿಮ್ಮ ಮೇಲಿದೆ ಎಂದು ನೆನಪಿಸಿದಾಗ ಪ್ರವಾದಿವರ್ಯರು(ಸ) ಅದನ್ನು ಒಪ್ಪಿದರು. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಹಾಗೆಯೇ, ವೆಚ್ಚ ಮಾಡುವಾಗ ದುಂದನ್ನೂ ಜಿಪುಣತನವನ್ನೂ ಬಿಟ್ಟು ನಡುದಾರಿಯಲ್ಲಿ ನಡೆಯುವವರನ್ನು ಅದು ಹೊಗಳುತ್ತದೆ. ಆದುದರಿಂದ ಹೋಗಬೇಕೇ ಬೇಡವೇ ಎಂಬುದು ನಿಜವಾದ ಪ್ರಶ್ನೆಯಲ್ಲ. ನಮ್ಮ ಕೈಗೆಟಕುವ ಪ್ರವಾಸ ಯಾವುದು, ಅದರ ನಿಜವಾದ ಬೆಲೆಯನ್ನು ತೆರುವವರು ಯಾರು ಎಂಬುದೇ ಪ್ರಶ್ನೆ.

ಯಾರ ಜೇಬಿನಿಂದ?

ಅಗ್ಗದ ಪ್ರವಾಸವೆಂದು ನಾವು ಹೇಳುವ ಅನೇಕ ಪ್ರವಾಸಗಳು ನಿಜಕ್ಕೂ ಅಗ್ಗವಲ್ಲ. ಅವುಗಳ ಬೆಲೆಯನ್ನು ಬೇರೆ ಯಾರೋ ಕೊಟ್ಟಿರುತ್ತಾರೆ.

ಮೊದಲನೆಯದು ಸಾಲದ ಪ್ರವಾಸ. ಈಗ ಮೊಬೈಲಿನಲ್ಲೇ ನಿಮಿಷಗಳಲ್ಲಿ ಸಾಲ ಸಿಗುತ್ತದೆ. ನಾಲ್ಕು ದಿನದ ತಂಪು ಹವೆಗಾಗಿ ವರ್ಷವಿಡೀ ಬಡ್ಡಿ ಕಟ್ಟುವ ಮನೆಗಳು ನಮ್ಮ ನಡುವೆ ಇವೆ. ಬಡ್ಡಿಯ ಪಾಪ ಒಂದೆಡೆಯಾದರೆ, ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ ಕಟ್ಟಲು ತಡವಾಗಿ ಅದೇ ಮಕ್ಕಳು ತರಗತಿಯಲ್ಲಿ ತಲೆ ತಗ್ಗಿಸುವುದು ಇನ್ನೊಂದೆಡೆ. ಮಕ್ಕಳ ಸಂತೋಷಕ್ಕೆಂದು ಮಾಡಿದ ಸಾಲವನ್ನು ಮಕ್ಕಳೇ ತೀರಿಸಬೇಕಾಗುತ್ತದೆ.

ಎರಡನೆಯದು ಬಂಧುಗಳ ಮನೆಯ ಪ್ರವಾಸ. ಹೈದರಾಬಾದಿನಲ್ಲಿ ಮಾಮು ಇದ್ದಾರೆ, ಪುಣೆಯಲ್ಲಿ ಖಾಲಾ ಇದ್ದಾರೆ ಎಂದು ಆರು ಮಂದಿ ಗಂಟುಮೂಟೆ ಕಟ್ಟಿಕೊಂಡು ಎರಡು ವಾರಕ್ಕೆ ಹೋಗಿ ಇಳಿಯುತ್ತೇವೆ. ರಕ್ತಸಂಬಂಧವನ್ನು ಜೋಡಿಸುವುದು ಪುಣ್ಯಕರ್ಮ, ಸಂದೇಹವಿಲ್ಲ. ಆದರೆ ಆತಿಥ್ಯಕ್ಕೆ ಮೂರು ದಿನಗಳ ಮಿತಿಯನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆತಿಥೇಯ ಸಂಕಟಕ್ಕೆ ಸಿಲುಕುವಷ್ಟು ಕಾಲ ಉಳಿಯುವುದನ್ನು ತಡೆದಿದ್ದಾರೆ. ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿರುವ ಆ ಮಾಮು, "ಇನ್ನೂ ನಾಲ್ಕು ದಿನ ಇರಿ" ಎಂದು ನಗುತ್ತಾ ಹೇಳಬಹುದು. ಕಿರಾಣಿ ಅಂಗಡಿಯಲ್ಲಿ ಅವರ ಹೆಸರಿನ ಮುಂದೆ ಬೆಳೆದ ಲೆಕ್ಕ ನಮಗೆ ಕಾಣಿಸುವುದಿಲ್ಲ.

ಮೂರನೆಯದು ತಾಯಿಯ ಬೆನ್ನಿನ ಮೇಲೆ ನಡೆಯುವ ಪ್ರವಾಸ. ಹೋಟೆಲಿನ ಖರ್ಚು ಉಳಿಯಲಿ ಎಂದು ಇರುಳು ಮೂರು ಗಂಟೆಗೆ ಎದ್ದು ರೊಟ್ಟಿ ಬಡಿದು, ಹಿಂಡಿ ಪಲ್ಯ ಕಟ್ಟಿ, ದಾರಿಯಲ್ಲಿ ಎಲ್ಲರಿಗೂ ಬಡಿಸಿ, ಮರಳಿ ಬಂದು ಬಟ್ಟೆ ಒಗೆಯುವವಳು ಅವಳು. ನಾವು ವಿಶ್ರಾಂತಿ ಪಡೆದೆವು ಎನ್ನುವಾಗ ಆ 'ನಾವು' ಎಂಬುದರಲ್ಲಿ ಅವಳಿದ್ದಾಳೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಬುತ್ತಿ ಕಟ್ಟುವುದು ತಪ್ಪಲ್ಲ. ಗಂಡಸರೂ ಮಕ್ಕಳೂ ಕೈಹಚ್ಚದಿರುವುದು ತಪ್ಪು. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿರುವುದನ್ನು ನಾವು ಭಾಷಣಗಳಲ್ಲಿ ಮಾತ್ರ ನೆನೆಯುತ್ತೇವೆ.

ಇದರೊಂದಿಗೆ ಇನ್ನೊಂದು ಮಾತು. ಹುಡುಗಿ ದೊಡ್ಡವಳಾದಳೆಂದು ಅವಳನ್ನು ಅಜ್ಜಿಯ ಬಳಿ ಬಿಟ್ಟು ಗಂಡುಮಕ್ಕಳನ್ನು ಮಾತ್ರ ಕರೆದೊಯ್ಯುವ ಪದ್ಧತಿ ನಮ್ಮಲ್ಲಿದೆ. ಒಬ್ಬರ ಖರ್ಚು ಉಳಿಯುತ್ತದೆ, ನಿಜ. ಆದರೆ ಮಕ್ಕಳ ನಡುವೆ ನ್ಯಾಯ ಪಾಲಿಸಿರೆಂಬ ಪ್ರವಾದಿವರ್ಯರ(ಸ) ಕಟ್ಟಪ್ಪಣೆ ಗಂಡುಮಕ್ಕಳ ನಡುವೆ ಮಾತ್ರ ಎಂದು ನಮಗೆ ಹೇಳಿದವರು ಯಾರು? 2023ರ ಜೂನ್‌ನಿಂದ ರಾಜ್ಯದೊಳಗಿನ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವೂ ಇಲ್ಲ. ಆಗಲೂ ಅವಳು ಮನೆಯಲ್ಲೇ ಉಳಿದರೆ ಅದಕ್ಕೆ ಕಾರಣ ಬಡತನವಲ್ಲ.

ಮಕ್ಕಳನ್ನು ಕೇಳಿ

ಹದಿಹರೆಯದ ಮಕ್ಕಳನ್ನು ಚೀಲದಂತೆ ಎತ್ತಿಕೊಂಡು ಹೋಗಲಾಗದು. ಅವರಿಗೆ ಸ್ವಂತ ಅಭಿಪ್ರಾಯವಿರುತ್ತದೆ, ಕೆಲವೊಮ್ಮೆ ಅಭಿಪ್ರಾಯಕ್ಕಿಂತ ಮುನಿಸೇ ಹೆಚ್ಚು. ಇಬ್ರಾಹೀಮ್(ಅ) ತಮಗೆ ಬಿದ್ದ ಕನಸನ್ನು ಎಳೆಯ ಮಗನಿಗೆ ತಿಳಿಸಿ ನಿನಗೇನನಿಸುತ್ತದೆ ಎಂದು ಕೇಳಿದ ಪ್ರಸಂಗ ಕುರ್‌ಆನಿನಲ್ಲಿದೆ. ಅಲ್ಲಾಹನ ಆಜ್ಞೆಯ ವಿಷಯದಲ್ಲೇ ಒಬ್ಬ ಪ್ರವಾದಿ ಮಗನ ಅಭಿಪ್ರಾಯ ಕೇಳಿದರೆಂದ ಮೇಲೆ, ಎರಡು ದಿನದ ಪ್ರವಾಸಕ್ಕೆ ಮಕ್ಕಳನ್ನು ಕೇಳಲು ನಮಗೆ ಬಿಗುಮಾನವೇಕೆ?

ಕೇಳುವಾಗ ಪ್ರಾಮಾಣಿಕವಾಗಿ ಕೇಳಿ. "ಎಲ್ಲಿಗೆ ಬೇಕಾದರೂ ಹೋಗೋಣ" ಎಂದು ಮೊದಲು ಹೇಳಿ, ಅವರು ಊಟಿ ಎಂದಾಗ ಗದರಿಸಬೇಡಿ. ಕೈಯಲ್ಲಿರುವ ಹಣವನ್ನು ಅವರ ಮುಂದಿಟ್ಟು, ಇಷ್ಟರಲ್ಲಿ ಏನು ಸಾಧ್ಯವೆಂದು ನೀವೇ ಲೆಕ್ಕ ಹಾಕಿ ಎನ್ನಿ. ಕಳೆದ ವರ್ಷ ನಾನು 5,000 ರೂಪಾಯಿಯನ್ನು ಚಾಪೆಯ ಮೇಲಿಟ್ಟೆ. ನನ್ನ ಮಗಳಿಗೆ 14 ವರ್ಷ, ಮಗನಿಗೆ 12 ತುಂಬಿ ನಾಲ್ಕು ತಿಂಗಳು. ಮಗ ಮೊದಲು ಮುಖ ಊದಿಸಿದ. ಬಳಿಕ ಇಬ್ಬರೂ ಕಾಗದ ಹಿಡಿದು ಕುಳಿತರು. ಊಟಿ ತಾನಾಗಿಯೇ ಬಿದ್ದುಹೋಯಿತು. ನಾನು 'ಇಲ್ಲ' ಎನ್ನಬೇಕಾಗಲಿಲ್ಲ. ಬಡತನವನ್ನು ಮುಚ್ಚಿಟ್ಟಾಗ ಮಕ್ಕಳು ತಂದೆಯನ್ನು ಜಿಪುಣನೆಂದುಕೊಳ್ಳುತ್ತಾರೆ. ಬಿಚ್ಚಿಟ್ಟಾಗ ಅದನ್ನು ಹೊರಲು ಕೈಜೋಡಿಸುತ್ತಾರೆ.

ಕಾಲಬುಡದ ಭೂಮಿ

ನಮ್ಮ ಸೀಮೆಯಲ್ಲಿ ನೋಡಲು ಏನಿದೆ ಎಂದು ಮಕ್ಕಳು ಕೇಳುತ್ತಾರೆ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ತೊಗರಿ ಹೊಲ, ವಾಡಿಯ ರೈಲು ಜಂಕ್ಷನ್ ಅಷ್ಟೇ ಎಂದು ನಾವೂ ತಿಳಿದಿದ್ದೇವೆ. ಆದರೆ ಸೇಡಂನಿಂದ ಕಲಬುರಗಿಗೆ ಹೋಗುವ ದಾರಿಯಲ್ಲೇ ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದು. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತೆಂದು ನಾನು ಬಿ.ಎ. ತರಗತಿಯಲ್ಲಿ ಓದಿದ್ದೆ. ಅದೇ ಕಾಲದಲ್ಲಿ, ಕ್ರಿ.ಶ. 851ರಲ್ಲಿ, ವ್ಯಾಪಾರಿ ಸುಲೈಮಾನ್‌ನದೆನ್ನಲಾದ ಅರಬಿ ವೃತ್ತಾಂತವು 'ಬಲ್ಹರಾ' ಎಂಬ ಅರಸನನ್ನು ಲೋಕದ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ಮುಂದಿನ ಶತಮಾನದಲ್ಲಿ ಮಸ್‌ಊದಿ ಆ ಅರಸರ ರಾಜಧಾನಿಯನ್ನು 'ಮಾನ್ಕೀರ್' ಎಂದು ಕರೆದು, ಅವರ ನಾಡಿನಲ್ಲಿ ಮುಸ್ಲಿಮರು ಗೌರವದಿಂದಿದ್ದು ಮಸೀದಿಗಳನ್ನು ಕಟ್ಟಿಕೊಂಡಿದ್ದರೆಂದು ಬರೆದರು. ಮಾನ್ಕೀರ್ ಎಂದರೆ ನಮ್ಮ ಮಳಖೇಡವೇ. ಮದರಸಾದ ಅರಬಿಯೂ ಕಾಲೇಜಿನ ಕನ್ನಡವೂ ಒಂದೇ ಊರಿನಲ್ಲಿ ಕೈಕುಲುಕುವುದನ್ನು ನಿಮ್ಮ ಮಕ್ಕಳಿಗೆ ತೋರಿಸಲು ಒಂದು ಬೆಳಗು ಸಾಕು. ನಿನ್ನ ಬೇರು ಇಲ್ಲಿಯದಲ್ಲ ಎಂದು ನಾಳೆ ಯಾರಾದರೂ ಅವರಿಗೆ ಹೇಳಿದರೆ, ಅವರಿಗೆ ಆ ಬೆಳಗು ನೆನಪಾಗಲಿ.

ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಭೀಮಾ ದಡದಲ್ಲಿ ಕನಗನಹಳ್ಳಿಯ ಸ್ತೂಪದ ಅವಶೇಷಗಳಿವೆ. ಅಶೋಕನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ ಶಿಲ್ಪ ದೊರೆತದ್ದು ಅಲ್ಲಿಯೇ. ಗತಿಸಿದ ಜನಾಂಗಗಳ ಗತಿಯನ್ನು ನೋಡಿರೆಂಬ ಕುರ್‌ಆನಿನ ಕರೆಗೆ ದೂರದೇಶಕ್ಕೇ ಹೋಗಬೇಕೆಂದಿಲ್ಲ. ಚಿಂಚೋಳಿಯಲ್ಲಿ ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯಗಳಿವೆ. 2011ರಲ್ಲಿ ಅದು ವನ್ಯಜೀವಿಧಾಮವಾಯಿತು. ಆದರೆ ಎತ್ತಿಪೋತ ಜಲಪಾತವನ್ನು ಮೇ ತಿಂಗಳಲ್ಲಿ ತೋರಿಸುತ್ತೇನೆಂದು ಮಕ್ಕಳಿಗೆ ಹೇಳಬೇಡಿ. ಅದು ಮಳೆಗಾಲದ ಸೊಬಗು. ಮಗುವನ್ನು "ಬಾ, ಕೊಡುತ್ತೇನೆ" ಎಂದು ಕರೆದ ತಾಯಿಗೆ ಏನು ಕೊಡಲಿದ್ದೆ ಎಂದು ಕೇಳಿ, ಕೊಡದಿದ್ದರೆ ಅದೂ ಒಂದು ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಫಜ್ರ್ ನಮಾಜು ಮುಗಿಸಿ ಹೊರಟು, ಬಿಸಿಲು ಏರುವ ಮೊದಲೇ ಮರಳಿದರೆ ಈ ಎಲ್ಲ ಸ್ಥಳಗಳೂ ನಮ್ಮ ಕೈಗೆಟಕುತ್ತವೆ.

ನಾನು ಸೋತ ಬಗೆ

ಮಕ್ಕಳು ಆರಿಸಿದ್ದು ಬೀದರ್. ಒಂದು ಇರುಳಿನ ವಾಸ, ಎರಡು ದಿನ. ತಾಯಿಗೂ ಮಗಳಿಗೂ ಟಿಕೆಟ್ ಇಲ್ಲ. ನನಗೂ ಮಗನಿಗೂ ಮಾತ್ರ ಹಣ ಕೊಡಬೇಕು. ಅಲ್ಲಾಹನ ಅನುಗ್ರಹದಿಂದ ಅರ್ಧ ಖರ್ಚು ಕಳೆದುಹೋಗಿತ್ತು. ಮನುಷ್ಯನ ಆಸೆ ನೋಡಿ, ಉಳಿದದ್ದರಲ್ಲೂ ಉಳಿಸಲು ಹೋದೆ.

"ಹುಡುಗನ ವಯಸ್ಸೆಷ್ಟ್ರಿ?" ಎಂದು ಕಂಡಕ್ಟರ್ ಕೇಳಿದ. 12 ದಾಟಿದವರಿಗೆ ಪೂರ್ತಿ ಟಿಕೆಟ್. ಮಗ ಎತ್ತರದಲ್ಲಿ ಗಿಡ್ಡ. "ಹನ್ನೊಂದ್ರಿ" ಎಂದೆ. ಕಂಡಕ್ಟರ್ ಅರ್ಧ ಟಿಕೆಟ್ ಹರಿದುಕೊಟ್ಟ. ಮಗ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಬೀದರಿನಲ್ಲಿ ಮಹಮೂದ್ ಗವಾನರ ಮದರಸಾ ನೋಡಿದೆವು. 1472ರಲ್ಲಿ ಅದನ್ನು ಕಟ್ಟಿಸಿದ ಆ ಪ್ರಧಾನಮಂತ್ರಿ ರಾಜ್ಯದ ಬೊಕ್ಕಸ ಕೈಯಲ್ಲಿದ್ದೂ ಚಾಪೆಯ ಮೇಲೆ ಮಲಗುತ್ತಿದ್ದರು, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದರು ಎಂದು ಇತಿಹಾಸಕಾರರು ಬರೆಯುತ್ತಾರೆ. 1481ರಲ್ಲಿ ವೈರಿಗಳು ಅವರ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ಸುಳ್ಳು ಪತ್ರ ಬರೆದು ಸುಲ್ತಾನನ ಕೈಗಿತ್ತರು. ವಿಚಾರಣೆಯೂ ಇಲ್ಲದೆ ಅವರ ತಲೆ ಹೋಯಿತು. ಆ ಮಿನಾರಿನ ನೆರಳಲ್ಲಿ ನಿಂತು ನಾನು ಮಗನಿಗೆ ಸುಳ್ಳಿನ ಪರಿಣಾಮದ ಬಗ್ಗೆ ಒಳ್ಳೆಯ ಉಪದೇಶ ಮಾಡಿದೆ. ಅಧ್ಯಾಪಕನಲ್ಲವೇ, ಮಾತು ಬರುತ್ತದೆ. ಅಸರ್ ವೇಳೆಗೆ ಇಬ್ಬರೇ ನಿಂತು ಪ್ರಯಾಣಿಕರ ಎರಡು ರಕ್‌ಅತ್ ನಮಾಜು ಮಾಡಿದೆವು. ಅವನಿಗೆ ಅದು ಮೊದಲ ಸಲ. "ಪ್ರಯಾಣಿಕನಿಗೆ ಅಲ್ಲಾಹನು ಕೊಟ್ಟ ರಿಯಾಯಿತಿ" ಎಂದು ತಿಳಿಸಿದೆ.

ಮರುದಿನ ಮರಳುವ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಬಂದ. ವಯಸ್ಸು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಗ, "ಹನ್ನೊಂದ್ರಿ" ಎಂದ. ಎಷ್ಟು ಸಲೀಸಾಗಿ ಎಂದರೆ, ನನ್ನದೇ ದನಿ, ನನ್ನದೇ ಧಾಟಿ. ಬಳಿಕ ನನ್ನತ್ತ ತಿರುಗಿ ನಕ್ಕ. ಆ ನಗೆಯಲ್ಲಿ ಕಪಟವಿರಲಿಲ್ಲ. ಚಾಪೆಯ ಮೇಲಿನ 5,000 ರೂಪಾಯಿಯನ್ನು ಕಂಡ ಮಗು ತಂದೆಯ ಹಣ ಉಳಿಸಿಕೊಟ್ಟ ಸಂತೋಷ ಅದು.

ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಾನು ಅವನಿಗೆ ಬಾಯಲ್ಲಿ ಕಲಿಸಿದ್ದೆ. ಕದ್ದ ರಿಯಾಯಿತಿಯನ್ನು ನಡತೆಯಲ್ಲಿ ಕಲಿಸಿದ್ದೆ. ಅವನು ಎರಡನೆಯದನ್ನು ಬೇಗ ಕಲಿತ.

"ಇಲ್ಲ, ಅವನಿಗೆ 12 ತುಂಬಿದೆ. ಪೂರ್ತಿ ಟಿಕೆಟ್ ಕೊಡಿ" ಎಂದೆ. ಮಗನ ಮುಖ ಕೆಂಪಾಯಿತು. ನಾಲ್ಕು ಜನರ ಮುಂದೆ ಅವನು ಸುಳ್ಳುಗಾರನಾಗಿದ್ದ, ಆದರೆ ಆ ನಾಚಿಕೆ ಅವನದಾಗಿರಲಿಲ್ಲ. ಆದ್ದರಿಂದ ಕಂಡಕ್ಟರನಿಗೂ ಕೇಳಿಸುವಂತೆ, "ನಿನ್ನೆ ಸುಳ್ಳು ಹೇಳಿದವನು ನಾನು. ಇವನು ನನ್ನಿಂದ ಕಲಿತ" ಎಂದೆ. ನಿನ್ನೆಯ ಬಾಕಿಯೂ ಇತ್ತು. ಇನ್ನೊಬ್ಬರ ಹಕ್ಕನ್ನು ಮರಳಿಸದೆ ಬರಿಯ ತೌಬಾ ಸಾಲದೆಂದು ನಾನೇ ಮಕ್ಕಳಿಗೆ ಪಾಠ ಹೇಳುವವನು. ಒಂದು ಅರ್ಧ ಟಿಕೆಟನ್ನು ಹೆಚ್ಚಾಗಿ ಕೊಂಡು ಹರಿದು ಹಾಕಿದೆ. ಕಂಡಕ್ಟರ್ ವಿಚಿತ್ರವಾಗಿ ನೋಡಿ ಮುಂದೆ ಹೋದ. ತುಸು ಹೊತ್ತಿನ ಬಳಿಕ ಮಗ ನನ್ನ ತೋಳಿಗೆ ಒರಗಿ ನಿದ್ದೆ ಹೋದ. ನನಗೆ ಕಲಬುರಗಿಯವರೆಗೂ ಕಣ್ಣು ಮುಚ್ಚಲಾಗಲಿಲ್ಲ.

ಲೆಕ್ಕ

ಮನೆಗೆ ಬಂದು ಮಗಳು ಖರ್ಚಿನ ಕಾಗದ ತೆಗೆದಳು. ಬಸ್ಸು, ವಸತಿ, ಊಟ, ಐಸ್‌ಕ್ರೀಮ್ ಎಲ್ಲ ಬರೆದು, ಹರಿದ ಟಿಕೆಟಿನ ಮುಂದೆ ಏನು ಬರೆಯಲಿ ಎಂದು ಕೇಳಿದಳು. "ಅಬ್ಬಾನ ಬಾಕಿ ಎಂದು ಬರಿ" ಎಂದೆ.

ಓದುಗರೇ, ಆ ಕಾಗದ ಈಗಲೂ ನನ್ನ ಪುಸ್ತಕದೊಳಗಿದೆ. ಈ ಬೇಸಿಗೆಯಲ್ಲಿ ನೀವೂ ಮಕ್ಕಳೊಂದಿಗೆ ಕುಳಿತು ಲೆಕ್ಕ ಹಾಕುವಾಗ ಬಸ್ಸಿಗೆಷ್ಟು, ಊಟಕ್ಕೆಷ್ಟು ಎಂದು ಬರೆದ ಮೇಲೆ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಿ. ಈ ಪ್ರವಾಸಕ್ಕಾಗಿ ಯಾರ ನಿದ್ದೆ, ಯಾರ ಹಕ್ಕು, ಯಾವ ಸತ್ಯ ಖರ್ಚಾಗಲಿದೆ ಎಂದು ಅಲ್ಲಿ ಬರೆಯಿರಿ. ಆ ಸಾಲು ಖಾಲಿ ಉಳಿದರೆ, ಮಳಖೇಡದ ಕೋಟೆಯ ನೆರಳಲ್ಲಿ ಬಿಚ್ಚಿದ ಬುತ್ತಿಯೂ ಸಮೃದ್ಧ ಪ್ರವಾಸವೇ. ಆ ಸಾಲು ತುಂಬಿಹೋದರೆ, ಪುಕ್ಕಟೆ ಸಿಕ್ಕ ಊಟಿಯೂ ನಮ್ಮ ಕೈಗೆಟಕುವುದಲ್ಲ.

ನಮ್ಮ ಮಕ್ಕಳು ನಮ್ಮ ಮಾತಿಗಿಂತ ಹೆಚ್ಚಾಗಿ ನಮ್ಮನ್ನೇ ನೋಡುತ್ತಾರೆ. ಅವರು ನೋಡಲು ಯೋಗ್ಯರಾದ ತಂದೆತಾಯಿಗಳಾಗುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.